ಸಲೈನ್ ಪೈಪಿನ ಯಂತ್ರ

ಕೆಲಸ ಕಡಿಮೆಯಾಗಲಿ ಅಂತ ಯಂತ್ರ ಮಾಡಹೊರಟವರಿಗೆ ಮೊದಲು ಹೆಚ್ಚಾಗುವುದು ಕೆಲಸ, ಆಮೇಲೆ ನೋಡಿ ನಗುವವರು. ನಾನು ಹರಪನಹಳ್ಳಿ ಕಡೆಯ ಸಣ್ಣ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸುವವಳು. ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಡುತ್ತ, ಬಣ್ಣ ತಿರುಗುವ ತನಕ ಕಣ್ಣು ಮಿಟುಕಿಸದೆ ನಿಲ್ಲುವುದಕ್ಕೆ ನಾವು ಟೈಟ್ರೇಶನ್ ಅನ್ನುತ್ತೇವೆ. ಅದನ್ನು ತಾನಾಗೇ ಮಾಡುವ ಯಂತ್ರ ಕೊಳ್ಳುವ ಶಕ್ತಿ ನಮ್ಮ ಕಾಲೇಜಿಗಿಲ್ಲ. ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದ ನಕ್ಷೆ, ಪ್ರೋಗ್ರಾಮು ಇಳಿಸಿಕೊಂಡು ನಾನೇ ಕಟ್ಟತೊಡಗಿದೆ. ಅಂದಿನಿಂದ ಇಂಥವು ನಡೆಯುತ್ತಲೇ ಇವೆ.

೧. ಪೇಷಂಟ್ ಯಾರು?

ಯಂತ್ರದ ಪಂಪಿನಿಂದ ಹನಿ ಬಿಡಲು ಸಣ್ಣ ಪೈಪು ಬೇಕಿತ್ತು. ಮೆಡಿಕಲ್ ಶಾಪಿಗೆ ಹೋಗಿ, "ಸಲೈನ್ ಪೈಪ್ ಕೊಡ್ರಿ, ಬಾಟ್ಲಿ ಬ್ಯಾಡ" ಅಂದೆ.

"ಪೇಷಂಟ್ ಯಾರ್ರೀ ಮೇಡಂ?"

"ಪೇಷಂಟ್ ಇಲ್ರಿ. ಮನಿಯಾಗ ಒಂದು ಮಷೀನ್ ಐತಿ, ಅದಕ್ಕ."

ಅಂಗಡಿಯವರು ಮರುಕದಿಂದ ನೋಡಿದರು. ಮನೆಯಲ್ಲಿ ಮಷೀನು, ಸಲೈನು ಅಂದರೆ ಐಸಿಯು ಅಂತಲೇ ಅವರ ಲೆಕ್ಕ. ಸಂಜೆ ಹೊತ್ತಿಗೆ ಪಕ್ಕದ ಮನೆಯವರು ಬಾಳೆಹಣ್ಣು, ಎಳನೀರು ಹಿಡಿದು ಬಂದರು. "ನಿಮ್ಮ ಯಜಮಾನ್ರು ಈಗ ಹೆಂಗದಾರ್ರಿ?"

ನಮ್ಮ ಯಜಮಾನರು ಒಳಗೆ ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದರು. ಬಾಗಿಲಲ್ಲಿ ಎಳನೀರು ಕಂಡಿದ್ದೇ, ತಟ್ಟೆ ಮಂಚದ ಕೆಳಗೆ ತಳ್ಳಿ, ಕಂಬಳಿ ಹೊದ್ದು ಮಲಗಿಬಿಟ್ಟರು.

೨. ಗುಲಾಬಿ ಸೀರೆ

ಪ್ರಿನ್ಸಿಪಾಲರು ಮೊದಲೇ ಹೇಳಿದ್ದರು: "ಯಂತ್ರ ನಡದ್ರ ಲ್ಯಾಬಿನ ಬಾಜೂ ರೂಮು ನಿಮ್ದು. ಇಲ್ಲಾಂದ್ರ ಕ್ಯಾರಂ ಬೋರ್ಡ್ ಇಡಾಕ ಹುಡುಗ್ರು ಕೇಳಾಕ ಹತ್ಯಾರ."

ಎಲ್ಲರೂ ನೋಡಲು ಬಂದ ದಿನ ಯಂತ್ರವನ್ನು ಮೇಜಿನ ಮೇಲೆ ಸಜ್ಜು ಮಾಡಿಟ್ಟೆ. ಗಾಜಿನ ಫ್ಲಾಸ್ಕಿನಲ್ಲಿ ಗುಲಾಬಿ ಬಣ್ಣ ತನ್ನ ಪುಟ್ಟ ಕ್ಯಾಮೆರಾಕ್ಕೆ ಕಂಡ ಕೂಡಲೇ ಯಂತ್ರ ನಿಲ್ಲಬೇಕು. ಸ್ವಿಚ್ ಒತ್ತಿದೆ. ಒಂದು ಹನಿಯೂ ಬೀಳಲಿಲ್ಲ, ಪರದೆಯ ಮೇಲೆ "ಮುಗಿಯಿತು" ಅಂತ ಬಂತು! ಮತ್ತೆ ಒತ್ತಿದೆ. ಮತ್ತೆ "ಮುಗಿಯಿತು".

ಕೊನೆಗೆ ತಲೆ ಎತ್ತಿ ನೋಡಿದರೆ, ಫ್ಲಾಸ್ಕಿನ ಹಿಂದೆಯೇ ಹಿಸ್ಟರಿ ಮೇಡಂ ಗುಲಾಬಿ ಸೀರೆ ಉಟ್ಟು ನಿಂತಿದ್ದಾರೆ! ಅವರನ್ನು ಆಚೆ ಸರಿಸಿದ ಮೇಲೆ ಯಂತ್ರ ಚೆಂದಾಗಿ ನಡೆಯಿತು, ರೂಮೂ ಉಳಿಯಿತು.

ಪ್ರಿನ್ಸಿಪಾಲರಿಗೆ ಮಾತ್ರ ಹಿಡಿಸಿದ್ದು ಮೊದಲಿನದೇ. "ಶುರು ಮಾಡೋಕ್ಕಿಂತ ಮುಂಚೆ ಮುಗಿಸ್ತೈತಲ್ರಿ! ಇಂಥಾದ್ದೊಂದು ಸ್ಟಾಫ್ ಮೀಟಿಂಗಿಗೂ ಮಾಡ್ರಿ."

೩. ಬೇಳೆ ಜಗಳ

ಯಂತ್ರ ನೀರಿನ ಗಡಸುತನವನ್ನೂ ಅಳೆಯುತ್ತದೆ ಅಂತ ಸುದ್ದಿಯಾಯಿತು. ಹತ್ತಿರದ ತೆಲಿಗಿ ಊರಿನಿಂದ ಒಬ್ಬ ಹೆಣ್ಣುಮಗಳು ಬೋರ್‌ವೆಲ್ ನೀರು ತಂದಳು. ಯಂತ್ರ ಹನಿ ಬಿಟ್ಟೂ ಬಿಟ್ಟೂ ಸುಸ್ತಾಯಿತು.

"ಬಾಳ ಗಡಸು ನೀರು ಐತವ್ವಾ" ಅಂದೆ.

ಅವಳ ಮುಖ ಅರಳಿತು! "ಹಂಗಂತ ಛಾಪಿಸಿ ಕೊಡ್ರೀ ಅಕ್ಕಾರ. ಬ್ಯಾಳಿ ಬೇಯಂಗಿಲ್ಲ ಅಂತ ನಮ್ಮನಿಯವ್ರು ದಿನಾ ನನಗ ಬೈತಾರ. ತಪ್ಪು ನಂದಲ್ಲ, ನೀರಿಂದು ಅಂತ ಗೊತ್ತಾಗ್ಲಿ."

ಛಾಪಿಸಿ ಕೊಟ್ಟೆ, ಗೆದ್ದವಳಂತೆ ಹೋದಳು.

ಮರುವಾರ ಅವಳ ಗಂಡ ಬಂದ. ಕೈಯಲ್ಲಿ ಬಾಟಲಿ, ಒಳಗೆ ಕೆಂಪಗೆ ಏನೋ.

"ಇದು ಯಾವ ಬೋರ್ ನೀರಪ್ಪಾ?"

"ನೀರಲ್ರಿ, ನಿನ್ನಿ ಸಾರು. ಉಪ್ಪು ಎಷ್ಟೈತಿ ಅಂತ ಇದಕ್ಕೂ ಒಂದು ಛಾಪಿಸಿ ಕೊಡ್ರಿ."

೪. ಅತ್ತೆಯ ದನಿ

ಕೆಲಸ ಮುಗಿದಾಗ ಯಂತ್ರ ಕೂಗಿ ಕರೆಯಲಿ ಅಂತ ಸಣ್ಣ ಸ್ಪೀಕರ್ ಹಾಕಿದೆ. ಮನೆಯಲ್ಲೇ ಫೋನಿನಲ್ಲಿ "ಮುಗಿಯಿತು, ಬಂದು ನೋಡಿ" ಅಂತ ರೆಕಾರ್ಡ್ ಮಾಡುವಾಗ, ಅಡುಗೆಮನೆಯಿಂದ ನಮ್ಮ ಅತ್ತೆ "ಅಯ್ಯೋ, ಹಾಲು ಉಕ್ಕಿತು, ಜಲ್ದಿ ಬಾರೇ!" ಅಂತ ಕಿರುಚಿದ್ದೂ ಸೇರಿಕೊಂಡಿತು. ನಗು ಬಂದು ಹಾಗೇ ಬಿಟ್ಟೆ. ಪಡೆದದ್ದನ್ನು ಹಂಚಬೇಕಲ್ಲ, ನಾನು ಮಾಡಿದ ಬದಲಾವಣೆಗಳನ್ನೆಲ್ಲ ಆ ದನಿಯ ಸಮೇತ ಇಂಟರ್‌ನೆಟ್ಟಿಗೆ ಹಾಕಿದೆ.

ಕೆಲವು ತಿಂಗಳ ಮೇಲೆ ಬ್ರೆಜಿಲ್ ದೇಶದ ಒಬ್ಬ ಮೇಷ್ಟ್ರು ಬರೆದರು: "ನಿಮ್ಮ ಯಂತ್ರ ಕಟ್ಟಿದ್ದೇವೆ, ತುಂಬಾ ಚೆನ್ನಾಗಿದೆ. ಮೊದಲ ದನಿ ಕೆಲಸ ಮುಗಿದದ್ದಕ್ಕೆ ಅಂತ ತಿಳಿಯಿತು. ಎರಡನೆಯದು ಅಪಾಯದ ಸೂಚನೆ ತಾನೇ? ಅದು ಕೇಳಿದ ಕೂಡಲೇ ಹುಡುಗರೆಲ್ಲ ಓಡಿಹೋಗಿ ಪಂಪು ನಿಲ್ಲಿಸುತ್ತಾರೆ."

ಹೊಟ್ಟೆ ಹಿಡಿದು ನಗುತ್ತ ಅತ್ತೆಗೆ ಓದಿ ಹೇಳಿದೆ. ಅವರು ನಗಲಿಲ್ಲ. ಗಂಭೀರವಾಗಿ ಅಂದರು: "ಹಾಲು ಉಕ್ಕಿದ್ರ ಪಂಪ್ ಯಾಕ ನಿಲ್ಲಿಸ್ತಾರ? ಮೊದ್ಲು ಗ್ಯಾಸ್ ಬಂದ್ ಮಾಡ್ಬೇಕು ಅಂತ ಬರಿಯವ್ವ, ಪಾಪ, ಗಂಡಸ್ರು, ಗೊತ್ತಿರಂಗಿಲ್ಲ."