ಬ್ಯಾರನ್ನಿನ ಬೆಂಕಿ ಆರಿಸಿದ ಕಾದಂಬರಿ

1957ರ ಆಗಸ್ಟ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಬೆಟ್ಟದಪುರದಲ್ಲಿ ಹೊಗೆಸೊಪ್ಪು ಹದಮಾಡುವ ಒಂದು ಬ್ಯಾರನ್ನಿನ ಬೆಂಕಿ ಆರಿಹೋಯಿತು. ಮಳೆ ಕಾರಣವಲ್ಲ. ಸೌದೆಯ ಕೊರತೆಯೂ ಅಲ್ಲ. ಕಾರಣ ನಾನು.

ವಿವರ ಹೀಗಿದೆ. ಆಗ ನಾನು ಹುಣಸೂರಿನಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯುವವನು ಎಂಬ ಹೆಸರಿತ್ತು. ಆ ಹೆಸರನ್ನು ಊರಲ್ಲಿ ಹಬ್ಬಿಸಿದವನೂ ನಾನೇ. ನಮ್ಮ ಬೀದಿಯ ವಾಚನಾಲಯದವರು ಆ ವರ್ಷ ಒಂದೇ ಬಗೆಯ ಪುಸ್ತಕ ತರಿಸಲು ತೀರ್ಮಾನಿಸಿದ್ದರು. ಆರೋಗ್ಯವಾಗಿ ಬಾಳುವುದನ್ನು ಕಲಿಸುವ ಪುಸ್ತಕಗಳೋ, ಪ್ರೇಮವೂ ಕೊಲೆಯೂ ಬೆರೆತ ಕಾದಂಬರಿಗಳೋ? ತೀರ್ಪು ಹೇಳುವ ಭಾರ ನನ್ನ ಮೇಲೆ ಬಿತ್ತು. ಅಂದರೆ, ನಾನೇ ಹೊರಿಸಿಕೊಂಡೆ.

ತೀರ್ಪು ನನ್ನ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿತ್ತು: ಆರೋಗ್ಯ! ಇದು ನನ್ನ ಹೆಂಡತಿ ಸರೋಜಳಿಗೆ ಗೊತ್ತಾಯಿತು. ಮನೆಗೆಲಸ ಮುಗಿದ ಮೇಲೆ ಅವಳಿಗಿದ್ದ ಒಂದೇ ಸುಖವೆಂದರೆ ಆ ವಾಚನಾಲಯದ ಕಾದಂಬರಿಗಳು. ಇದ್ದವನ್ನೆಲ್ಲ ಓದಿ ಮುಗಿಸಿ, ಹೊಸವು ಬರುವುದನ್ನೇ ಕಾಯುತ್ತಿದ್ದಳು. ಆದರೂ ಜಗಳವಾಡಲಿಲ್ಲ.

“ಕಣ್ಣಾರೆ ಕಾಣ್ದೆ ಬರಿಯಾಕಿಲ್ಲ ಅಂತೀರಲ್ಲ,” ಎಂದಳು. “ಅಕ್ಕನ ಮನೇಲಿ ಸೊಪ್ಪು ಕಟ್ಟೋರ ಮುಂದೆ ಎರಡನ್ನೂ ಓದಿ. ಅವ್ರು ಯಾವ್ದಕ್ಕೆ ಕಿವಿ ಕೊಡ್ತಾರೋ ಅದನ್ನ ಬರೀರಿ.”

ನ್ಯಾಯವಾದ ಮಾತು. ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಇಬ್ಬರೂ ಬೆಟ್ಟದಪುರದ ಬಸ್ಸು ಹತ್ತಿದೆವು.

ಸರೋಜಳ ಅಕ್ಕ ಗೌರಮ್ಮ, ಭಾವ ಶಿವಣ್ಣನವರು ಹೊಗೆಸೊಪ್ಪಿನ ಬೇಸಾಯಗಾರರು. ಕೊಯ್ಲಿನ ಕಾಲದಲ್ಲಿ ಹೆಂಗಸರು ಚಪ್ಪರದಡಿ ಕೂತು ಹಸಿ ಎಲೆಗಳನ್ನು ಉದ್ದ ಕಡ್ಡಿಗಳಿಗೆ ಕಟ್ಟುತ್ತಾರೆ. ಕೈಗೆ ಕೆಲಸ, ಕಿವಿಗೆ ಬಿಡುವು. ಅಕ್ಷರ ಬಲ್ಲವರು ಸಿಕ್ಕರೆ ಕೂರಿಸಿ ಓದಿಸುವುದು ಅಲ್ಲಿಯ ವಾಡಿಕೆ. ಆಚೆ ಬದಿಯಲ್ಲಿ ಬ್ಯಾರನ್, ಕಟ್ಟಿದ ಕಡ್ಡಿಗಳನ್ನು ಸಾಲು ಸಾಲಾಗಿ ತೂಗುಹಾಕಿ ಒಲೆಯ ಬಿಸಿಯಲ್ಲಿ ಒಣಗಿಸುವ ಎತ್ತರದ ಮನೆ. ಅದರ ಒಲೆಗೆ ಸೌದೆ ಒಡ್ಡುತ್ತ ಕೂತಿರುವವರು ಮಾದಯ್ಯ. ಬೆಂಕಿ ಒಂದೇ ಹದದಲ್ಲಿ ಉರಿಯಬೇಕು. ತಪ್ಪಿದರೆ ಹಳದಿಯಾಗಬೇಕಾದ ಸೊಪ್ಪು ಕಪ್ಪಾಗುತ್ತದೆ.

ಮೊದಲು ಊಟ. ಪ್ರತಿ ತುತ್ತನ್ನೂ ನೀರಾಗುವ ತನಕ ಅಗಿಯಬೇಕೆಂದು ಆರೋಗ್ಯದ ಪುಸ್ತಕ ಹೇಳಿತ್ತು. ಬಡಿಸಿದ್ದು ರಾಗಿಮುದ್ದೆ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂಬುದು ನಮ್ಮ ಸೀಮೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಪುಸ್ತಕಕ್ಕೆ ಗೊತ್ತಿರಲಿಲ್ಲ. ತೀರ್ಪುಗಾರ ನಿಷ್ಪಕ್ಷಪಾತಿಯಾಗಿರಬೇಕೆಂದು ಅಗಿದೆ. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು. ಮತ್ತೆ ಅಗಿದೆ. ದವಡೆ ಹಿಡಿದುಕೊಂಡಿತು!

ಗೌರಮ್ಮ ತಂಗಿಯ ಕಡೆ ತಿರುಗಿ, “ಸರೋಜಾ, ನಿನ್ ಗಂಡುಂಗೆ ಅಲ್ಲು ನೋವಾ?” ಎಂದರು.

ಬಾಯಿ ತೆರೆಯಲಾರದೆ ನಾನು ತಲೆಯಾಡಿಸಿದೆ. ಅವರು ಲವಂಗ ತಂದುಕೊಟ್ಟರು.

ದವಡೆ ಸಡಿಲವಾದ ಮೇಲೆ ಚಪ್ಪರದಡಿ ಕೂತು ಆರೋಗ್ಯದ ಪುಸ್ತಕ ಬಿಚ್ಚಿದೆ. ಯಾವ ಅಧ್ಯಾಯವೆಂದು ನೋಡಲಿಲ್ಲ. ಸತ್ಯ ಎಲ್ಲ ಪುಟದಲ್ಲೂ ಸತ್ಯವೇ ಎಂಬ ಧೈರ್ಯ. ಗಂಟಲು ಸರಿಮಾಡಿಕೊಂಡು ಘನವಾದ ದನಿಯಲ್ಲಿ ಓದಿದೆ: ಮನುಷ್ಯನ ಪರಮ ವೈರಿ ಹೊಗೆಸೊಪ್ಪು, ಅದನ್ನು ಬೆಳೆಯುವವನು ಸಮಾಜಕ್ಕೆ ವಿಷ ಉಣಿಸುವವನು.

ಹೆಂಗಸರ ಕೈ ನಿಂತಿತು. ಎಲ್ಲರೂ ಶಿವಣ್ಣನವರ ಮುಖ ನೋಡಿದರು.

“ಓದಿ, ಪೇಪರ್ನೋರೇ,” ಎಂದರು ಶಿವಣ್ಣನವರು ಶಾಂತವಾಗಿ. “ಇದನ್ನ ಬುಟ್ಮೇಲೆ ನಾವೆಲ್ಲ ಏನ್ ಉಣ್ಬೇಕು ಅಂತ್ಲೂ ಬರ್ದದಾ ನೋಡಿ.”

ಬರೆದಿತ್ತು. ಸೇಬು, ದ್ರಾಕ್ಷಿ, ಬಾದಾಮಿ. ನಾನು ಪುಸ್ತಕ ಮುಚ್ಚಿದೆ.

ಸರೋಜ ಕಾದಂಬರಿಯನ್ನು ನನ್ನ ಕೈಗಿಟ್ಟಳು. ಅದರಲ್ಲಿ ನಾಯಕಿಯ ಕೈಹಿಡಿಯಬೇಕಿದ್ದ ಎಂಜಿನಿಯರ್ ಮದುವೆಯ ಹಿಂದಿನ ದಿನ ಕಾಣೆಯಾಗುತ್ತಾನೆ. ಅವನ ಕೈಗಡಿಯಾರ ಅವಳ ಚಿಕ್ಕಪ್ಪನ ಕೋಟಿನ ಜೇಬಿನಲ್ಲಿ ಸಿಗುತ್ತದೆ. ಸಪ್ಪೆ ದನಿಯಲ್ಲಿ ಶುರುಮಾಡಿದವನು, ಕೋಟಿನ ಜೇಬಿಗೆ ಬರುವಷ್ಟರಲ್ಲಿ ಚಿಕ್ಕಪ್ಪನ ಮಾತಿಗೆ ಬೇರೆ ಗಂಟಲು ಕೊಡುತ್ತಿದ್ದೆ. ಒಬ್ಬಾಕೆ ಕಣ್ಣೊರೆಸಿಕೊಂಡಳು. ಕೆಲಸ ನಿಧಾನವಾಯಿತೆಂದು ಗದರಿಸಲು ಎದ್ದ ಶಿವಣ್ಣನವರು ಹಾಗೆಯೇ ಕೂತರು. ಮುಂದೇನು ಎಂದು ಪುಟ ತಿರುಗಿಸುವಾಗ ನನ್ನ ಬೆನ್ನ ಹಿಂದೆ ಯಾರೋ, “ಚಿಕ್ಕಪ್ಪ ಕೊಂದಿಲ್ಲ ಕಣ್ರೀ, ಬೇರೆ ಯಾರೋ ಅವ್ರೆ,” ಎಂದರು.

ಜಾಣ ಊಹೆ ಎಂದು ಮೆಚ್ಚಿ ತಿರುಗಿದೆ. ಹೇಳಿದವರು ಮಾದಯ್ಯ.

ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಬ್ಯಾರನ್ನಿನ ಹೊಗೆಕೊಳವೆಯ ಕಡೆ ಹೋಯಿತು. ಹೊಗೆ ಇರಲಿಲ್ಲ!

ಮಾದಯ್ಯ ಓಡಿದರು. ನಾನೂ ಸೌದೆ ಹೊತ್ತೆ. ಹಸಿ ಸೌದೆ ತಂದೆನೆಂದು ಗೌರಮ್ಮ ಕಸಿದುಕೊಂಡರು. ಶಿವಣ್ಣನವರು ಒಳಗೆ ಹೋಗಿ ಸೊಪ್ಪು ಮುಟ್ಟಿ ನೋಡಿ ಬಂದರು. ಕೆಳಗಿನ ಸಾಲುಗಳು ಕಪ್ಪಿಗೆ ತಿರುಗಿದ್ದವು. ನಾನು ಕ್ಷಮೆಯ ಮಾತಿಗೆ ತಡಕಾಡುತ್ತ ನಿಂತೆ. ಅವರು ಕಪ್ಪಾದ ಎಲೆಯೊಂದನ್ನು ಎರಡೂ ಬದಿ ತಿರುಗಿಸಿ ನೋಡಿದರು.

ಕೊನೆಗೆ, “ಆ ಎಂಜಿನಿಯರು ಸಿಕ್ಕುದ್ನಾ?” ಎಂದು ಕೇಳಿದರು.

ಉಳಿದ ಪುಟಗಳನ್ನು ಒಲೆಯ ಮುಂದೆ ನಿಂತು, ಹೊಗೆಗೆ ಕೆಮ್ಮುತ್ತ, ಚಪ್ಪರಕ್ಕೂ ಕೇಳುವಂತೆ ಕೂಗಿ ಓದಿದೆ. ಎಂಜಿನಿಯರ್ ಬದುಕಿದ್ದ.

ಹುಣಸೂರಿಗೆ ಮರಳಿ ಲಿಖಿತ ತೀರ್ಪು ಕೊಟ್ಟೆ: ಕಾದಂಬರಿಗಳನ್ನೇ ತರಿಸುವುದು, ಓದುಗರ ಮನಸ್ಸನ್ನು ಹಿಡಿದಿಡುವ ಅವುಗಳ ಶಕ್ತಿಯನ್ನು ಸ್ಥಳದಲ್ಲೇ ಪರೀಕ್ಷಿಸಿ ದೃಢಪಡಿಸಿಕೊಳ್ಳಲಾಗಿದೆ. ವಾಚನಾಲಯದ ಸಮಿತಿಯವರು ಸಾಕ್ಷ್ಯ ಕೇಳಲಿಲ್ಲ. ಬೆಟ್ಟದಪುರದ ಬಸ್ಸಿನಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು.

ಮರುವರ್ಷ ಶಿವಣ್ಣನವರು ಸೊಪ್ಪು ಕಟ್ಟುವ ಚಪ್ಪರವನ್ನು ಒಲೆಯ ಬಾಯಿಯ ಪಕ್ಕಕ್ಕೆ ಹಾಕಿಸಿದರು. ಮಾದಯ್ಯ ಕೂತಲ್ಲಿಂದಲೇ ಕೇಳಬಹುದಿತ್ತು. ಓದಲು ಸರೋಜಳಿಗೆ ಹೇಳಿಕಳಿಸಿದರು. ನನಗೆ ಕರೆ ಬರಲಿಲ್ಲ.