ದೊರೆ ಸತ್ತನೋ, ಸ್ನಾನಕ್ಕೆ ಹೋದನೋ

ಮೊದಲಿಗೆ ತಾಯಿ ಶಾರದೆಗೆ ಕೈ ಮುಗಿಯುತ್ತೇನೆ. ಎಲ್ಲ ಕಥೆಗಳ ಮೊದಲೂ ಕೊನೆಯೂ ಒಟ್ಟಿಗೆ ಗೊತ್ತಿರುವುದು ಅವಳೊಬ್ಬಳಿಗೆ. ನಮಗೆ ಸಿಕ್ಕುವುದು ನಡುವಿನ ಒಂದು ತುಂಡು. ಅದನ್ನೇ ಪೂರ್ತಿ ಅಂದುಕೊಂಡು ನಾವು ಜಗಳಕ್ಕೆ ನಿಲ್ಲುತ್ತೇವೆ.

ನಾನು ಕೊಪ್ಪದ ಒಂದು ಟಾಕೀಸಿನಲ್ಲಿ ಗೇಟು ಕಾಯುವವನು. ಟಿಕೆಟು ಹರಿಯುವುದು, ತಡವಾಗಿ ಬಂದವರಿಗೆ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು ನನ್ನ ಕೆಲಸ. ಕತ್ತಲಲ್ಲಿ ದಾರಿ ತೋರಿಸುವ ಕೆಲಸವನ್ನು ದೇವರು ನನ್ನಂಥವನಿಗೆ ಕೊಟ್ಟನಲ್ಲ ಅಂತ ದಿನಾ ಕೃತಜ್ಞತೆಯಿಂದ ನೆನೆಯುತ್ತೇನೆ. ಗೇಟಿನ ಹತ್ತಿರ ಸುಮ್ಮನೆ ನಿಂತರೂ ಸಾಕು, ತಮಾಷೆಗಳು ತಾವಾಗಿಯೇ ನಡೆದುಕೊಂಡು ಬರುತ್ತವೆ. ಅವಕ್ಕೆ ಟಿಕೆಟೂ ಬೇಡ.

ಒಂದು ವಿಷಯ ಮೊದಲೇ ಹೇಳಿಬಿಡಬೇಕು. ತೆರೆಯ ಮೇಲೆ ಆದರೂ ಒಂದು ಜೀವ ಹೋಗುವುದನ್ನು ನನ್ನಿಂದ ನೋಡಲಾಗುವುದಿಲ್ಲ. ಗುಂಡಿನ ಸದ್ದು ಕೇಳಿದ ಕೂಡಲೇ ಗೇಟಿನಲ್ಲೇ ಕಣ್ಣು ಮುಚ್ಚಿ ರಾಮನಾಮ ಶುರು ಮಾಡುತ್ತೇನೆ. ಈಚೆಗೆ ಒಂದು ರೌಡಿಗಳ ಸಿನಿಮಾ ಬಂದಿತ್ತು. ಯಾವ ಏಕಾದಶಿಯಲ್ಲೂ ಆಗದಷ್ಟು ಜಪ ಆ ಸಿನಿಮಾದಿಂದ ನನಗೆ ಆಯಿತು. ಅದೇ ಸಿನಿಮಾದಿಂದ ನನ್ನ ಅಕ್ಕನ ಮಗಳ ಮದುವೆಯೂ ಮುರಿಯುವುದರಲ್ಲಿತ್ತು.

ಶಾಸ್ತ್ರದ ಪ್ರಕಾರ

ಹೊಸ ಸಿನಿಮಾ ಬಂದ ದಿನ ನಮ್ಮಲ್ಲಿ ತೆರೆಗೆ ಪೂಜೆ ಆಗಬೇಕು. ನರಸಿಂಹರಾಜಪುರದಿಂದ ಪುರೋಹಿತರೊಬ್ಬರು ಬರುತ್ತಾರೆ. ತೆರೆಗೆ ಕುಂಕುಮ ಹಚ್ಚಿದರೆ ಕಲೆಯಾಗುತ್ತದೆ ಅಂತ ಟಾಕೀಸಿನ ಸಾಹುಕಾರರ ಕಟ್ಟಪ್ಪಣೆ ಇರುವುದರಿಂದ, ದೂರದಿಂದಲೇ ಮಂಗಳಾರತಿ ಎತ್ತಿ, ಕಾಯಿ ಒಡೆದು ಹೊರಡುತ್ತಾರೆ. ಆ ದಿನ ಅವರ ಬಸ್ಸಿಗೆ ಇನ್ನೂ ಹೊತ್ತಿತ್ತು. "ಸ್ವಲ್ಪ ಕೂತಿರ್ತೇನೆ ಮಾರಾಯ" ಅಂತ ಹಿಂದಿನ ಸಾಲಿನಲ್ಲಿ ಕೂತರು.

ಸಿನಿಮಾ ಶುರುವಾಯಿತು. ಊರನ್ನೆಲ್ಲ ನಡುಗಿಸುವ ಒಬ್ಬ ರೌಡಿ. ಎಲ್ಲರೂ ಅವನನ್ನು 'ದೊರೆ' ಅನ್ನುತ್ತಾರೆ. ಮೊದಲ ದೃಶ್ಯದಲ್ಲೇ ಅವ ಸೇತುವೆಯ ಮೇಲೆ ಗುಂಡು ತಿಂದು ಹೊಳೆಗೆ ಬೀಳುತ್ತಾನೆ. ಹೆಣ ಸಿಕ್ಕುವುದಿಲ್ಲ. ಅವನ ಕಡೆಯವರು ಮರುದಿನವೇ ದರ್ಭೆಯ ಬೊಂಬೆ ಮಾಡಿ, ಸುಟ್ಟು, ಕ್ರಿಯೆ ಮುಗಿಸುತ್ತಾರೆ. ಅಲ್ಲಿಂದ ಕಥೆ ಹಿಂದಕ್ಕೆ ಓಡುತ್ತದೆ, ಮುಂದಕ್ಕೆ ಹಾರುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಕಟ್ಟಕಡೆಗೆ ಅದೇ ಹೊಳೆಯಿಂದ ದೊರೆ ನಗುತ್ತಾ ಎದ್ದು ಬರುತ್ತಾನೆ. ಇದನ್ನೆಲ್ಲ ನನಗೆ ಹೇಳಿದ್ದು ಪ್ರೊಜೆಕ್ಟರ್ ನಡೆಸುವ ಆಪರೇಟರು. ನನ್ನ ಕಣ್ಣು ಮುಚ್ಚಿತ್ತಲ್ಲ.

ಪುರೋಹಿತರು ಬೊಂಬೆ ಸುಡುವಷ್ಟು ಹೊತ್ತು ಮಾತ್ರ ನೋಡಿ, ಉರಿಯುತ್ತಾ ಹೊರಗೆ ಬಂದರು.

"ಇದೆಂಥ ಸಿನಿಮಾ ಮಾರಾಯ! ಹೆಣ ಸಿಕ್ಕದವನಿಗೆ ಮರುದಿನವೇ ಕ್ರಿಯೆ ಮಾಡ್ಲಿಕ್ಕೆ ಬರ್ತದಾ? ಕಾಯಬೇಕು. ಮಂತ್ರವಾದರೂ ಸರಿ ಉಂಟಾ ಅಂದ್ರೆ, ಅವರು ಹೇಳಿದ್ದು ಗೃಹಪ್ರವೇಶದ್ದು!"

"ಹಾಗಾದ್ರೆ ದೊರೆಯ ಗತಿ?" ಅಂದೆ.

"ಶಾಸ್ತ್ರದ ಪ್ರಕಾರ ಅವ ಸತ್ತಿಲ್ಲ" ಅಂದರು ಪುರೋಹಿತರು, ಚಪ್ಪಲಿ ಮೆಟ್ಟುತ್ತಾ. "ಹೊಸ ಮನೆಗೆ ಒಕ್ಕಲಾಗಿದ್ದಾನೆ."

ಬಸ್ಸಿನವರು, ಜೀಪಿನವರು

ನಮ್ಮ ಟಾಕೀಸಿಗೆ ಭಾನುವಾರದ ಮ್ಯಾಟ್ನಿಯೇ ಜೀವ. ಆದರೆ ಕೆರೆಕಟ್ಟೆ ಕಡೆಗೆ ಬಸ್ಸೇ ಕಮ್ಮಿ. ಸಂಜೆಯದು ತಪ್ಪಿದರೆ ಮರುದಿನವೇ ಗತಿ. ಅದಕ್ಕೆ ಕಂಡಕ್ಟರು ಸಿನಿಮಾ ಮುಗಿಯುವ ಮೊದಲೇ ಬಂದು, ಬಾಗಿಲ ಪರದೆ ಸರಿಸಿ, "ಕೆರೆಕಟ್ಟೆ, ಕೆರೆಕಟ್ಟೆ!" ಅಂತ ಕೂಗುತ್ತಾನೆ. ತೆರೆಯ ಮೇಲೆ ಯಾರು ಎಂಥ ಮಚ್ಚು ಎತ್ತಿ ನಿಂತಿದ್ದರೂ ಆ ಕಡೆಯವರು ಚೀಲ ಎತ್ತಿಕೊಂಡು ಎದ್ದು ಹೋಗುತ್ತಾರೆ. ವರ್ಷಗಟ್ಟಲೆ ಸಿನಿಮಾ ನೋಡಿಯೂ ಕೆರೆಕಟ್ಟೆಯವರು ಒಂದರ ಕೊನೆಯನ್ನೂ ಕಂಡವರಲ್ಲ.

ಬಸರೀಕಟ್ಟೆಯವರದ್ದು ಇನ್ನೊಂದು ಕಥೆ. ಅವರು ಬರುವುದು ಜೀಪಿನಲ್ಲಿ. ಜೀಪು ತುಂಬದೆ ಹೊರಡುವುದಿಲ್ಲ. ತುಂಬಿದ ಮೇಲೂ ಇನ್ನಿಬ್ಬರಿಗೆ ಕಾಯುತ್ತದೆ. ಹಾಗಾಗಿ ಅವರು ಯಾವ ಸಿನಿಮಾದ ಮೊದಲನ್ನೂ ಕಂಡವರಲ್ಲ.

ಇಷ್ಟು ಕಾಲ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಈ ಸಿನಿಮಾದಲ್ಲಿ ಆಯಿತು.

ಆ ಭಾನುವಾರ ನನ್ನ ಭಾವ, ಅಂದರೆ ಅಕ್ಕನ ಗಂಡ, ಕೆರೆಕಟ್ಟೆಯಿಂದ ಬಂದಿದ್ದರು. ಕಂಡಕ್ಟರು ಕೂಗಿದ ಕೂಡಲೇ ಎದ್ದು ಬಂದು, "ಒಳ್ಳೆ ಸಿನಿಮಾ ಮಾರಾಯ" ಅಂದರು. "ಪಾಪಿ ಮೊದಲೇ ಸತ್ತ. ಕ್ರಿಯೆಯೂ ಆಯ್ತು. ಉಳಿದದ್ದೆಲ್ಲ ಅವ ಬದುಕಿದ್ದಾಗ ಮಾಡಿದ ಅನಾಚಾರ. ನ್ಯಾಯ ಅಂತ ಒಂದು ಉಂಟು ನೋಡು."

ಅವರು ಬಸ್ಸು ಹತ್ತಿದ ಮೇಲೆ ಸಿನಿಮಾ ಬಿಟ್ಟಿತು. ಬಸರೀಕಟ್ಟೆಯ ಜೀಪಿನ ಯಜಮಾನರು ಹೊರಗೆ ಬಂದರು. ಅವರ ಕಣ್ಣಲ್ಲಿ ನೀರು.

"ಭಕ್ತಿ ಸಿನಿಮಾ ಮಾರಾಯ್ರೆ! ಜೀವಮಾನ ಪೂರ್ತಿ ಪಾಪ ಮಾಡಿದವ, ಕೊನೆಗೆ ಹೊಳೆಯಲ್ಲಿ ಮುಳುಗಿ, ಎಲ್ಲ ತೊಳ್ಕೊಂಡು, ನಗ್ತಾ ಎದ್ದು ಬರ್ತಾನೆ. ಬರುವ ವಾರ ಮನೆ ಹೆಂಗಸರನ್ನೂ ಕರ್ಕೊಂಡು ಬರ್ತೇನೆ."

ನನಗೆ ಮದುವೆಯ ಚಿಂತೆ ಹತ್ತಿತು. ಏಕೆಂದರೆ ಈ ಯಜಮಾನರ ಮಗನಿಗೇ ನನ್ನ ಅಕ್ಕನ ಮಗಳನ್ನು ಕೊಡುವ ಮಾತು ನಡೆದಿತ್ತು. ಮಾತು ತೆಗೆದವನು ನಾನೇ. ಜಾತಕ ಕೂಡಿತ್ತು. ಹುಡುಗ ಅಪ್ಪನ ಜೀಪು ಓಡಿಸುತ್ತಾನೆ, ಹುಡುಗಿ ಬಾಳಗಡಿಯಲ್ಲಿ ಝೆರಾಕ್ಸ್ ಅಂಗಡಿಯಲ್ಲಿದ್ದಾಳೆ. ಇಬ್ಬರಿಗೂ ಮನಸ್ಸುಂಟು. ಹಿರಿಯರಿಬ್ಬರು ಮಾತ್ರ ಇನ್ನೂ ಮುಖ ನೋಡಿರಲಿಲ್ಲ. ಆ ವಾರವೇ ಶೃಂಗೇರಿಯಲ್ಲಿ ಭೇಟಿ ಅಂತ ಗೊತ್ತಾಗಿತ್ತು. 'ತಾಯೀ, ಅವರ ಮಾತಿನ ನಡುವೆ ಸಿನಿಮಾ ಮಾತ್ರ ಬಾರದಿರಲಿ' ಅಂತ ಹರಕೆ ಹೊತ್ತೆ.

ಮೀನುಗಳ ಭಾಗ್ಯ

ಶೃಂಗೇರಿಯಲ್ಲಿ ಶಾರದೆಯ ದರ್ಶನ ಆಯಿತು. ಮನಸ್ಸು ತುಂಬಿ ಬಂದಿತ್ತು. ಭಾವ, ಯಜಮಾನರು, ನಾನು ಮೂವರೂ ತುಂಗೆಯ ಮೆಟ್ಟಿಲ ಮೇಲೆ ಮಂಡಕ್ಕಿ ಹಿಡಿದು ಕೂತೆವು. ಅಡಿಕೆ, ಕಾಫಿ, ಮಳೆ ಎಲ್ಲದರಲ್ಲೂ ಇಬ್ಬರದೂ ಒಂದೇ ಅಭಿಪ್ರಾಯ. ಇನ್ನೇನು ಊಟ ಮುಗಿಸಿ ನಿಶ್ಚಯದ ದಿನ ನೋಡುವುದು ಅನ್ನುವಾಗ, ಹೊಳೆಯಲ್ಲಿ ಯಾರೋ ಮುಳುಗು ಹಾಕಿ ಎದ್ದರು.

"ಥೇಟ್ ಹೀಗೇ ಎದ್ದು ಬಂದ ನಮ್ಮ ದೊರೆ!" ಅಂದರು ಯಜಮಾನರು.

ಭಾವ ತಿರುಗಿದರು. "ಯಾರು, ಆ ಸಿನಿಮಾದವನಾ? ಅವ ಸತ್ತಿದ್ದಾನಲ್ಲ."

"ಎಲ್ಲಿ ಸತ್ತ? ಸ್ನಾನಕ್ಕೆ ಇಳಿದವ ಅವ."

"ಗುಂಡು ಬಿದ್ದು ಇಳಿದವ! ಎದ್ದು ಬರ್ಲಿಕ್ಕೆ ಅದೆಂತ ಕಾರ್ತಿಕ ಸೋಮವಾರದ ಸ್ನಾನವಾ?"

"ನೀವು ನಿದ್ದೆ ಮಾಡಿರಬೇಕು."

"ನಿಮಗೆ ಕನಸು ಬಿದ್ದಿರಬೇಕು."

ನಾನು ನಡುವೆ ಕೂತು, "ಮೀನು ನೋಡಿ, ಮೀನು ನೋಡಿ" ಅಂದೆ. ಯಾರು ಕೇಳುತ್ತಾರೆ! ಒಂದೊಂದು ಮಾತಿಗೂ ಒಂದೊಂದು ಮುಷ್ಟಿ ಮಂಡಕ್ಕಿ ನೀರಿಗೆ ಬೀಳುತ್ತಿತ್ತು.

ಭಾವ ನನ್ನನ್ನು ಪಕ್ಕಕ್ಕೆ ಕರೆದು, "ಸತ್ತವ ಎದ್ದು ಬಂದ ಅನ್ನುವವರ ಮನೆಗೆ ಹೆಣ್ಣು ಕೊಡುವುದು ಹೇಗಾ? ನಾಳೆ ಇಲ್ಲದ್ದನ್ನೆಲ್ಲ ಉಂಟು ಅಂತಾರೆ" ಅಂದರು.

ಯಜಮಾನರು ಇನ್ನೊಂದು ಪಕ್ಕಕ್ಕೆ ಕರೆದು, "ಬದುಕಿದ್ದವನ ತಿಥಿ ಮಾಡಿ ಮುಗಿಸುವವರ ಮನೆ ಹೆಣ್ಣು ತಂದರೆ, ನಾಳೆ ನನಗೊಂದು ಜ್ವರ ಬಂದಾಗ ಗತಿ ಎಂತ?" ಅಂದರು.

ಊಟದ ಪಂಕ್ತಿಯಲ್ಲಿ ಒಬ್ಬರು ಈ ತುದಿ, ಒಬ್ಬರು ಆ ತುದಿ. ನಿಶ್ಚಯದ ಮಾತು ಅಲ್ಲಿಗೇ ನಿಂತಿತು. ಆ ದಿನ ಹೊಟ್ಟೆ ತುಂಬಿ ಸಂತೋಷದಿಂದ ಹೋದದ್ದು ಮೀನುಗಳು ಮಾತ್ರ.

ವಡೆಯ ವ್ಯಾಖ್ಯಾನ

ಪಕ್ಕದ ಬಾಳಗಡಿಯವರಿಗೆ ಬಸ್ಸೂ ಬೇಡ, ಜೀಪೂ ಬೇಡ. ನಡೆದು ಬರುತ್ತಾರೆ, ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಅಲ್ಲಿಯ ಕಾಲೇಜಿನ ಮೇಷ್ಟ್ರೊಬ್ಬರು ಈ ಸಿನಿಮಾವನ್ನು ಬಿಡದೆ ನೋಡುತ್ತಿದ್ದರು. ಮಧ್ಯಸ್ಥಿಕೆಗೆ ಇವರೇ ಸರಿ ಅಂತ ಟಾಕೀಸಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದೆ. ಪ್ಲೇಟು ವಡೆ ಬಂತು.

"ಸುಲಭ ಇದೆ. ಈ ವಡೆ ದೊರೆ ಅಂತ ಇಟ್ಕೊಳ್ಳಿ" ಅಂದರು ಮೇಷ್ಟ್ರು. "ಈ ಚಟ್ನಿ ಹೊಳೆ. ಚಮಚ ಸೇತುವೆ. ಈಗ ದೊರೆ ಹೊಳೆಗೆ ಬಿದ್ದ." ವಡೆ ಚಟ್ನಿಗೆ ಬಿತ್ತು. "ಆದರೆ ಬಿದ್ದದ್ದು ನಿಜವಾದ ದೊರೆಯೋ, ದೊರೆ ತನ್ನ ಬಗ್ಗೆ ತಾನೇ ಕಟ್ಟಿಕೊಂಡ ಕಲ್ಪನೆಯೋ?" ಅಂತ ಒಂದು ಚೂರು ಮುರಿದು ಬಾಯಿಗಿಟ್ಟರು. ಬಾಲ್ಯಕ್ಕೆ ಒಂದು ಚೂರು, ಸೇಡಿಗೆ ಒಂದು ಚೂರು, ಸಮಾಜದ ವ್ಯವಸ್ಥೆಗೆ ಒಂದು ಚೂರು. ನಾನು ಭಕ್ತಿಯಿಂದ ಕೇಳುತ್ತಾ ಕೂತೆ. ಪ್ಲೇಟು ಖಾಲಿಯಾಯಿತು.

"ಎಲ್ಲ ಸರಿ ಸಾರ್. ಈಗ ದೊರೆ ಎಲ್ಲಿ?" ಅಂದೆ.

ಮೇಷ್ಟ್ರು ಬಾಯಿ ಒರೆಸಿಕೊಂಡರು. "ಆ ಪ್ರಶ್ನೆಯನ್ನು ನಿರ್ದೇಶಕ ನಮಗೇ ಬಿಟ್ಟಿದ್ದಾನೆ."

ತಲೆ ಕೆಳಗಾದ ಮ್ಯಾಟ್ನಿ

ಆ ರಾತ್ರಿ ದೇವರ ಮುಂದೆ ದೀಪ ಹಚ್ಚಿ ಕೂತಾಗ ಒಂದು ದಾರಿ ಹೊಳೆಯಿತು. ಕೆರೆಕಟ್ಟೆಯವರಿಗೆ ಕೊನೆ ಸಿಕ್ಕಿಲ್ಲ, ಬಸರೀಕಟ್ಟೆಯವರಿಗೆ ಮೊದಲು ಸಿಕ್ಕಿಲ್ಲ. ಇಷ್ಟೇ ತಾನೇ ಜಗಳ?

ಬೆಳಿಗ್ಗೆ ಆಪರೇಟರನ್ನು ಹಿಡಿದೆ. "ಈಗ ರೀಲೆಲ್ಲ ಇಲ್ಲ, ಕಂಪ್ಯೂಟರಿನಲ್ಲಿ ಹಿಂದು ಮುಂದು ಮಾಡಬಹುದು ಅಂತಿದ್ಯಲ್ಲ. ಬರುವ ಭಾನುವಾರ ಒಂದು ದಿನ ಕೊನೆಯ ತುಂಡು ಮೊದಲು ಬಿಡು, ಮೊದಲಿನ ತುಂಡು ಕೊನೆಗೆ ಬಿಡು. ಬಸ್ಸಿನವರಿಗೂ ಜೀಪಿನವರಿಗೂ ಬೇಕಾದ್ದು ಸಿಕ್ತದೆ. ಪುಣ್ಯದ ಕೆಲಸ ಮಾರಾಯ."

"ಜನ ಗಲಾಟೆ ಮಾಡಿದ್ರೆ?"

"ದೇವರಿದ್ದಾನೆ."

ಭಾನುವಾರ ಭಾವನನ್ನೂ ಯಜಮಾನರನ್ನೂ ಪ್ರತ್ಯೇಕವಾಗಿ ಬರಹೇಳಿದೆ. ಆಪರೇಟರು ಹೇಳಿದ ಹಾಗೆ ಮಾಡಿದ. ನಾನು ಗೇಟಿನಲ್ಲಿ ಕಿವಿಗೊಟ್ಟು ನಿಂತಿದ್ದೆ. ಈಗ ಕೂಗುತ್ತಾರೆ, ಆಗ ಕುರ್ಚಿ ಮುರಿಯುತ್ತಾರೆ ಅಂತ. ಸಿನಿಮಾ ಬಿಟ್ಟಿತು. ಬಾಳಗಡಿಯ ಮೇಷ್ಟ್ರೇ ಎಲ್ಲರಿಗಿಂತ ಮುಂದೆ ಬಂದರು. ಮುಖದಲ್ಲಿ ಒಂದು ಕಳೆ!

"ಇವತ್ತು" ಅಂದರು ನನ್ನ ಕೈ ಹಿಡಿದು, "ಇವತ್ತು ಸ್ವಲ್ಪ ಅರ್ಥ ಆಯ್ತು ಮಾರಾಯ್ರೆ."

ಯಾರು ಸರಿ

ಬಂದ ಶುಕ್ರವಾರ ಬೆಳಿಗ್ಗೆ ಹೊಸ ಸಿನಿಮಾದ ಪೂಜೆ. ನರಸಿಂಹರಾಜಪುರದ ಪುರೋಹಿತರು ತೆರೆಯ ಮುಂದೆ ಮಂಗಳಾರತಿ ಸಿದ್ಧ ಮಾಡುತ್ತಿದ್ದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಕಾಯಿ. ಭಾವನನ್ನೂ ಯಜಮಾನರನ್ನೂ ಪೂಜೆಗೆ ನಾನೇ ಕರೆದಿದ್ದೆ. ಗೇಟಿನ ಈ ಕಡೆಯಿಂದ ಭಾವ ಬಂದರು, ಆ ಕಡೆಯಿಂದ ಯಜಮಾನರು ಬಂದರು. ಇಬ್ಬರ ಮುಖವೂ ಬಾಡಿತ್ತು.

"ಯಜಮಾನರೇ" ಅಂದರು ಭಾವ, "ತಪ್ಪು ನನ್ನದು. ಹಿಂದಿನ ವಾರ ಅವ ಹೊಳೆಗೆ ಬಿದ್ದದ್ದು ಕಂಡಿದ್ದೆ. ಈ ವಾರ ಎದ್ದು ಬಂದದ್ದೂ ಕಂಡೆ. ನೀವು ಹೇಳಿದ್ದೇ ಸರಿ. ಅವ ಬದುಕಿದ್ದಾನೆ."

"ಛೆ ಛೆ, ತಪ್ಪು ನನ್ನದು" ಅಂದರು ಯಜಮಾನರು. "ಹಿಂದಿನ ವಾರ ಸ್ನಾನ ಮಾಡಿ ಎದ್ದು ಬಂದಿದ್ದ. ಈ ವಾರ ಪಾಪ, ಗುಂಡು ಬಿತ್ತು. ಕ್ರಿಯೆಯೂ ಆಯ್ತು. ನೀವು ಹೇಳಿದ ಹಾಗೆಯೇ, ಅವ ಸತ್ತ."

ನನಗೆ ಆಗ ಹೊಳೆಯಿತು. ಭಾವ ಎಂದಿನ ಹಾಗೆ ಬಸ್ಸಿಗೆ ಎದ್ದು ಹೋಗಿದ್ದಾರೆ. ಜೀಪು ಎಂದಿನ ಹಾಗೆ ತಡವಾಗಿ ಬಂದಿದೆ. ಒಬ್ಬರ ತುಂಡು ಇನ್ನೊಬ್ಬರಿಗೆ ಹೋಗಿದೆ, ಅಷ್ಟೇ!

"ನನ್ನ ಮನಸ್ಸಿಗೆ ಬೇಜಾರಾಗಬಾರದು ಅಂತ ಹೇಳ್ತೀರಿ ನೀವು. ಬದುಕಿದ್ದಾನೆ."

"ದೊಡ್ಡ ಮನಸ್ಸು ನಿಮ್ಮದು. ಆದರೆ ಸತ್ತಿದ್ದಾನೆ."

"ಇಲ್ಲ ಅಂದೆನಲ್ಲ, ಬದುಕಿದ್ದಾನೆ!"

"ನನ್ನ ಕಣ್ಣೆದುರು ಸತ್ತಿದ್ದಾನೆ ಮಾರಾಯ್ರೆ!"

ಧ್ವನಿ ಏರತೊಡಗಿತು. ಇನ್ನು ಒಂದು ನಿಮಿಷ ಬಿಟ್ಟರೆ ಮತ್ತೆ ಶೃಂಗೇರಿಯ ಮೆಟ್ಟಿಲೇ. ನಾನು ಓಡಿಹೋಗಿ, ತೆರೆಯ ಮುಂದಿನ ತಟ್ಟೆಯನ್ನೇ ಎತ್ತಿ ತಂದು ಇಬ್ಬರ ಕೈಗೂ ಹಿಡಿಸಿದೆ. "ಇಬ್ಬರೂ ತಪ್ಪು ಒಪ್ಪಿಕೊಂಡಿದ್ದೀರಿ. ಹೀಗೆ ಸೋಲಲಿಕ್ಕೆ ನಾನು ಮುಂದು ತಾನು ಮುಂದು ಅನ್ನುವ ಬೀಗರು ಎಲ್ಲಿ ಸಿಕ್ತಾರೆ? ತಾಂಬೂಲ ಬದಲಾಯಿಸಿ!" ಪುರೋಹಿತರು ಹೊತ್ತನ್ನೂ ಕೇಳದೆ ಮಂತ್ರ ಶುರು ಮಾಡಿದರು. ಸಿನಿಮಾದ ಹಾಗಲ್ಲ, ಸರಿಯಾದ ಮಂತ್ರ. ಹೊಸ ಸಿನಿಮಾದ ಕಾಯಿ ನಮ್ಮ ಹುಡುಗಿಯ ನಿಶ್ಚಯಕ್ಕೆ ಒಡೆಯಿತು.

ಸುದ್ದಿ ಮುಟ್ಟಿ ಹುಡುಗ ಜೀಪು ತಂದ. ಬಾಳಗಡಿಯಿಂದ ಹುಡುಗಿಯನ್ನೂ ಕೂರಿಸಿಕೊಂಡು ಬಂದಿದ್ದ. ಹಿರಿಯರು ಪ್ರಸಾದ ತಿನ್ನುತ್ತಿದ್ದರು. ನಾನು ಅಕ್ಕನ ಮಗಳನ್ನು ಪಕ್ಕಕ್ಕೆ ಕರೆದು, "ನೋಡು ಮಗಳೇ, ಇದೊಂದು ಸಿನಿಮಾದಿಂದ ಎಷ್ಟು ಪೇಚಾಟ! ನೀನಾದರೂ ನೋಡಿದ್ಯಾ?" ಅಂದೆ.

ಅವಳು ತಲೆ ತಗ್ಗಿಸಿದಳು. "ಬುಧವಾರ ನೋಡಿದ್ವಿ ಮಾವ. ಇವರು ಜೀಪಿಗೆ ಪಂಕ್ಚರ್ ಹಾಕಿಸ್ಲಿಕ್ಕೆ ಬಂದಿದ್ರು."

"ನನ್ನ ಗೇಟು ದಾಟಿಯಾ? ನನಗೆ ಕಾಣ್ಲಿಲ್ಲವಲ್ಲ!"

"ಸಿನಿಮಾ ಆಗಷ್ಟೇ ಶುರುವಾಗಿ ಒಳಗೆ ಗುಂಡಿನ ಸದ್ದು ಬರ್ತಿತ್ತು. ನೀವು ಕಣ್ಣು ಮುಚ್ಚಿ ರಾಮ ರಾಮ ಅಂತಿದ್ರಿ. ಟಿಕೆಟು ನಿಮ್ಮ ಜೇಬಿಗೇ ಹಾಕಿ ಹೋದ್ವಿ."

ರಾಮನಾಮದ ಮಹಿಮೆ! ನನಗೆ ಸಂತೋಷವೇ ಆಯಿತು. ಅಂತೂ ಮೊದಲಿನಿಂದ ಕೊನೆಯವರೆಗೆ ನೋಡಿದ ನಮ್ಮವರೇ ಇಬ್ಬರು ಸಿಕ್ಕಿದರು.

"ಹಾಗಾದ್ರೆ ನೀನೇ ಹೇಳು. ದೊರೆ ಸತ್ತನಾ, ಬದುಕಿದನಾ?"

ಅವಳು ಹುಡುಗನ ಮುಖ ನೋಡಿದಳು. ಅವನು ಇವಳ ಮುಖ ನೋಡಿದ. ಇಬ್ಬರೂ ಕಿವಿಯವರೆಗೆ ಕೆಂಪಾದರು.

"ದೊರೆ ಅಂದ್ರೆ... ಯಾರು ಮಾವ?"

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ತಾಯಿ ಒಳ್ಳೆಯದು ಮಾಡಲಿ. ನಿಮ್ಮ ಬಸ್ಸು ತಪ್ಪದಿರಲಿ, ನಿಮ್ಮ ಜೀಪು ಬೇಗ ತುಂಬಲಿ. ನಿಮ್ಮ ಮನೆಯ ಮಕ್ಕಳಿಗೆ ತೆರೆಯ ಮೇಲೆ ಏನು ನಡೆಯಿತೆಂಬುದೇ ತಿಳಿಯದಂಥ ಜೊತೆ ಸಿಗಲಿ.