ಅಕ್ಕನ ಧ್ವನಿ ತಾಳೆಯಾದದ್ದು

೧೯೮೭ನೇ ಇಸವಿ ಮಾರ್ಚ್ ೧೧, ಬುಧವಾರದ ದಿನಚರಿಯಲ್ಲಿ ಹೀಗೆ ದಾಖಲಾಗಿದೆ: "ಸಂಜೆ ೬.೨೦ಕ್ಕೆ ಅಕ್ಕ ಕೆಲಸದಿಂದ ಮರಳಿದಳು. ಬಲಗೈ ಹೆಬ್ಬೆರಳಿಗೆ ಇಸ್ತ್ರಿಯಿಂದ ಸುಟ್ಟ ಗಾಯ. 'ಜನನ ಮರಣಗಳ ನಡುವಿನ ಅಂತರವು ಅತ್ಯಲ್ಪವೆಂಬುದು ಇಂದು ನನಗೆ ಮನವರಿಕೆಯಾಯಿತು' ಎಂದಳು."

ಅಕ್ಕ ಆ ಸಂಜೆ ನಿಜವಾಗಿ ಹೇಳಿದ್ದು ಬೇರೆ. "ಹೆರಿಗೆ ವಾರ್ಡಿನ ಬೆಡ್‌ಶೀಟು, ಹೆಣ ಮುಚ್ಚಿದ ಬೆಡ್‌ಶೀಟು ಎರಡೂ ಒಂದೇ ಹಂಡೇಲಿ ಕುದಿಯುತ್ವೆ ಕಣೇ. ಯಾವುದಕ್ಕೂ ಬೇರೆ ಸೋಪಿಲ್ಲ." ಆದರೆ ದಿನಚರಿ ಬರೆದಾಕೆ, ಅಕ್ಕನ ಒಬ್ಬಳೇ ತಂಗಿ, ಬಿ.ಎ. ಪ್ರಥಮ ದರ್ಜೆ. ಮನೆಯಲ್ಲೂ ಬೀದಿಯಲ್ಲೂ ಆಕೆಗೆ ಡಿಗ್ರಿ ಅಜ್ಜಿ ಎಂದೇ ಹೆಸರು. ಆಡಿದ ಮಾತನ್ನು ಆಡಿದ ಹಾಗೇ ಬರೆದಿಡುವುದು ಓದಿಲ್ಲದವರ ಲಕ್ಷಣವೆಂಬುದು ಅಜ್ಜಿಯ ಖಚಿತ ಅಭಿಪ್ರಾಯ. ಆಕೆಯ ದಾಖಲೆಗಳಲ್ಲಿ ತಾರೀಖು, ವೇಳೆ, ಗಾಯವಾದದ್ದು ಯಾವ ಬೆರಳಿಗೆ ಎಂಬುದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಮಾತನ್ನು ಮಾತ್ರ ಚೊಕ್ಕ ಮಾಡಿ ಬರೆಯುತ್ತಿದ್ದಳು.

ಹೀಗೆ ಮೂವತ್ತಾರು ನೋಟ್‌ಬುಕ್ಕು ತುಂಬಿದವು. ಅಕ್ಕ ಹದಿಮೂರಕ್ಕೆ ಶಾಲೆ ಬಿಟ್ಟು ಆಸ್ಪತ್ರೆಯ ಲಾಂಡ್ರಿ ಸೇರಿದ್ದು ತಂಗಿ ಓದಲಿ ಎಂದು. ಆದ್ದರಿಂದ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅಜ್ಜಿ ಅಕ್ಕನ ಬದುಕನ್ನು ಅಕ್ಕನೇ ಹೇಳುತ್ತಿರುವಂತೆ ಇನ್ನೂರ ಹನ್ನೆರಡು ಪುಟದ ಪುಸ್ತಕ ಮಾಡಿದಳು. ಅಕ್ಕನಿಗೆ ಎಂಬತ್ಮೂರು. ಅವಳು ಹೋದಮೇಲೂ ಅವಳ ಮಾತು ಲೋಕದಲ್ಲಿ ಉಳಿಯಬೇಕು. ಅಜ್ಜಿಗಿದ್ದದ್ದು ಅದೊಂದೇ ಆಸೆ.

ಆದರೆ ನಿರೂಪಣಾ ನಿಯಂತ್ರಣ ಕಚೇರಿಯ ಪರವಾನಗಿ ಇಲ್ಲದೆ ಮುದ್ರಣಾಲಯದವರು ಹಸ್ತಪ್ರತಿಯನ್ನು ಮುಟ್ಟುವುದಿಲ್ಲ. ಸಾರ್ವಜನಿಕರ ಅನುಭವಗಳು ಅನಧಿಕೃತ ಧ್ವನಿಗಳಲ್ಲಿ ಹೊರಬೀಳುತ್ತಿರುವುದನ್ನು ತಡೆಯಲು ಸ್ಥಾಪಿತವಾದ ಕಚೇರಿ ಅದು. ಅರ್ಜಿದಾರರು ಕೂರುವ ಬೆಂಚಿಗೆ ಮೂರೇ ಕಾಲು. ನಾಲ್ಕನೆಯದರ ಜಾಗದಲ್ಲಿ ಪರವಾನಗಿ ಸಿಗದ ಕಾದಂಬರಿಗಳನ್ನು ಪೇರಿಸಿದ್ದರು. ಗೋಡೆಯ ಫಲಕದಲ್ಲಿ ನಿಯಮಗಳಿದ್ದವು:

"ತಮ್ಮ ಕಥೆಯನ್ನು ತಾವೇ ಹೇಳುವವರು, ಸದರಿ ಕಥೆಯು ತಮಗೇ ಸಂಭವಿಸಿದ ಬಗ್ಗೆ ಇಬ್ಬರು ಸಾಕ್ಷಿಗಳ ಸಹಿ ತರತಕ್ಕದ್ದು. ಬೇರೊಬ್ಬರ ಮನಸ್ಸಿನೊಳಗೆ ಹೋಗಿಬರುವ ನಿರೂಪಕರು ಸದರಿ ಮನಸ್ಸಿನ ಮಾಲೀಕರಿಂದ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು. ಎಲ್ಲರ ಮನಸ್ಸಿನಲ್ಲಿರುವುದನ್ನೂ ಬಲ್ಲ ನಿರೂಪಕರ ಪರವಾನಗಿಯನ್ನು ಸಾರ್ವಜನಿಕರಿಗೆ ನೀಡಲಾಗುವುದಿಲ್ಲ. ಅದು ಸರ್ಕಾರಕ್ಕೆ ಮೀಸಲು."

ಮೂರನೇ ಕಿಟಕಿಯ ಗುಮಾಸ್ತ ಹಸ್ತಪ್ರತಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದ.

"ಬರೆದೋರು ಯಾರು?"

"ನಾನು. ಬಿ.ಎ."

"ಹೇಳ್ತಿರೋರು?"

"ನನ್ನಕ್ಕ."

"ಹಾಗಿದ್ರೆ ನೀವ್ಯಾಕೆ ಬಂದ್ರಿ? ಅವರನ್ನ ಕರ್ಕೊಂಡ್ಬನ್ನಿ. ಧ್ವನಿ ತಾಳೆ ನೋಡ್ಬೇಕು."

"ಅವಳಿಗೆ ಎಂಬತ್ಮೂರು ಕಣಪ್ಪ."

"ನಾವು ವಯಸ್ಸು ನೋಡಲ್ಲಮ್ಮ. ಬರೀ ಧ್ವನಿ."

ಮರುವಾರ ಅಕ್ಕ ಒಗೆದ ಸೀರೆಯುಟ್ಟು ಬಂದಳು. ಧ್ವನಿ ಪರೀಕ್ಷಕರು ಕನ್ನಡಕ ಏರಿಸಿ, ಪುಸ್ತಕದ ಒಂಬತ್ತನೇ ಪುಟ ತೆರೆದು ಕೇಳಿದರು: "ಲಾಂಡ್ರಿಯಲ್ಲಿ ಮೊದಲ ದಿನ ನಿಮಗೆ ಏನನ್ನಿಸಿತು?"

"ಏನನ್ಸುತ್ತೆ ಸ್ವಾಮಿ, ಹೊಟ್ಟೆ ಹಸೀತಿತ್ತು. ಮೇಸ್ತ್ರಿ ಒಂದು ರಾಶಿ ಬಟ್ಟೆ ತೋರಿಸ್ದ. ನನಗಿಂತ ಎತ್ತರ ಇತ್ತು. ಇದನ್ನ ನಾನು ಒಗೀಬೇಕಾ, ಇದೇ ನನ್ನ ಒಗಿಯುತ್ತಾ ಅಂದೆ. ಅವನಿಗೆ ನಗು ಬಂತು. ಬರದೇ ಇದ್ದಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದ."

ಬಾಗಿಲ ಬಳಿಯ ಜವಾನ ನಕ್ಕ. ಪರೀಕ್ಷಕರು "ಅನಧಿಕೃತ ನಗು: ಒಂದು" ಎಂದು ಬರೆದುಕೊಂಡು ಪುಸ್ತಕದ ಸಾಲನ್ನು ಗಟ್ಟಿಯಾಗಿ ಓದಿದರು: "'ಬದುಕೆಂಬ ಮಹಾಪರ್ವತದ ಬುಡದಲ್ಲಿ ನಿಂತ ಅಬೋಧ ಬಾಲೆ ನಾನಾಗಿದ್ದೆನು.' ತಾಳೆಯಾಗುತ್ತಿಲ್ಲ."

ಹದಿನಾಲ್ಕು ಪ್ರಶ್ನೆಗಳಾದವು. ಹಾಜರಾದ ವ್ಯಕ್ತಿಗೂ ಪುಸ್ತಕದ ನಿರೂಪಕಿಗೂ ಶೇಕಡಾ ಹನ್ನೊಂದರಷ್ಟು ಹೋಲಿಕೆ ಇದೆಯೆಂದೂ, ಅದು ತಾರೀಖುಗಳಲ್ಲಿ ಮಾತ್ರವೆಂದೂ ವರದಿ ಬಂತು.

"ಎರಡು ದಾರಿ ಇದೆಯಮ್ಮ" ಎಂದ ಗುಮಾಸ್ತ. "ಪುಸ್ತಕ ಮನೆಗೆ ತಗೊಂಡೋಗಿ, ಅವರು ಮಾತಾಡೋ ಹಾಗೇ ಬರ್ಕೊಂಡ್ಬನ್ನಿ. ಅದಕ್ಕೆ ಫಾರಮ್ಮಿಲ್ಲ, ಫೀಸಿಲ್ಲ."

"ತಿದ್ದೋದಾ?" ಅಜ್ಜಿ ಬೆನ್ನು ನೆಟ್ಟಗೆ ಮಾಡಿದಳು. "ಭಾಷೆಯಲ್ಲಿ ನನಗೆ ಎಂಬತ್ತೊಂದು ಅಂಕ ಬಂದಿತ್ತು. ನಾನು ಬರೆದದ್ದರಲ್ಲಿ ತಿದ್ದೋಕೆ ಏನಿದೆ?"

"ಹಾಗಿದ್ರೆ ವ್ಯಕ್ತೀನ ತಿದ್ದಿಸಿ. ಫಾರಂ ಆರು, ಇಲ್ಲೇ ಸಿಗುತ್ತೆ. ಎಲ್ಲರೂ ತಗೊಳ್ಳೋದು ಅದನ್ನೇ. ಪುಸ್ತಕ ತಿದ್ತೀನಿ ಅಂತ ಇದುವರೆಗೆ ಒಬ್ರೂ ಬಂದಿಲ್ಲ."

ಅಜ್ಜಿ ಫಾರಂ ಆರನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು. ಹಿಂತಿರುಗುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತಾ ಹೇಳಿದಳು, "ನೀನು ಬರ್ದಿರೋದು ಚೆನ್ನಾಗೇ ಇದೆ ಕಣೇ. ಆ ಹೆಂಗಸು ಯಾರು ಅಂತ ಮಾತ್ರ ಗೊತ್ತಾಗ್ಲಿಲ್ಲ."

"ನೀನೇ ಅಕ್ಕ."

"ಹೌದಾ? ಒಳ್ಳೆ ಹೆಂಗಸು, ಪಾಪ. ಇಂಥೋಳು ನಮ್ಮ ಲಾಂಡ್ರಿಗೆ ಬಂದಿದ್ರೆ ಎರಡೇ ದಿನದಲ್ಲಿ ಓಡಿಸ್ತಿದ್ವಿ." ತಂಗಿಯ ಮುಖ ನೋಡಿ ತಾನೇ ಅಂದಳು, "ಮುಖ ಊದಿಸ್ಬೇಡ. ನಿನ್ನ ಓದಿಸ್ದೋಳಿಗೆ ನಿನ್ನ ಪುಸ್ತಕ ಕಲಿಯೋಕಾಗಲ್ವಾ? ಕಲೀತೀನಿ ಬಿಡು."

ತಿದ್ದುಪಡಿ ನಲವತ್ತೇಳು ದಿನ ನಡೆಯಿತು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಕ್ಕ ಊಟದ ಮೇಜಿನ ಮುಂದೆ ಕೂರಬೇಕು. ಅಜ್ಜಿಯ ಸೊಸೆ ಪುಟ ತಿರುವಬೇಕು, ಮೊಮ್ಮಗಳು ಅಂಕ ಹಾಕಬೇಕು. "ಸೊಂಟ ಬಿದ್ಹೋಗಿತ್ತು" ಎಂದರೆ ಒಂದು ಅಂಕ ಕಳೆದು, "ದೇಹವು ದಣಿದಿತ್ತು, ಚೇತನವು ದಣಿದಿರಲಿಲ್ಲ" ಎಂದು ಹತ್ತು ಸಲ ಹೇಳಿಸಲಾಗುತ್ತಿತ್ತು. ಅಕ್ಕನ ಬೈಗುಳಗಳನ್ನು ಪಟ್ಟಿ ಮಾಡಿದಾಗ ನೂರ ಹದಿನೆಂಟಾದವು. ಅಕ್ಕ ಅವುಗಳನ್ನು ಸ್ವಇಚ್ಛೆಯಿಂದ ಹಿಂತೆಗೆದುಕೊಂಡಿರುವುದಾಗಿ ಸಹಿ ಹಾಕಿದಳು. ಮೊದಲ ವಾರ ನಗುತ್ತಿದ್ದಳು. ಮೂರನೇ ವಾರಕ್ಕೆ ನಗು ಬಿಟ್ಟಳು. ನಗುವಿಗೂ ಒಂದು ಅಂಕ ಹೋಗುತ್ತಿತ್ತು.

ಮರುಪರೀಕ್ಷೆಯಲ್ಲಿ ಹೋಲಿಕೆ ಶೇಕಡಾ ತೊಂಬತ್ತನಾಲ್ಕು. ಪರೀಕ್ಷಕರು ಎದ್ದು ನಿಂತು ಕೈಕುಲುಕಿದರು. ಜವಾನನಿಗೆ ನಗು ಬರಲಿಲ್ಲ. ಪರವಾನಗಿಯ ಹಿಂಬದಿಯಲ್ಲಿ ಒಂದೇ ಷರತ್ತಿತ್ತು: ಐದು ವರ್ಷಗಳ ಕಾಲ ನಿರೂಪಕಿಯು ಅನುಮೋದಿತ ಧ್ವನಿಯ ಹೊರತು ಬೇರೆ ಧ್ವನಿಯಲ್ಲಿ ಮಾತನಾಡತಕ್ಕದ್ದಲ್ಲ. ತಪ್ಪಿದಲ್ಲಿ ಪುಸ್ತಕವನ್ನು ವಾಪಸು ಪಡೆಯಲಾಗುವುದು.

ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮನೆಯವರಿಗೆ ಅಭ್ಯಾಸವಾಯಿತು. ಅಕ್ಕ ಮಂಡಿನೋವಿಗೆ ಡಾಕ್ಟರ ಬಳಿ ಹೋದಾಗ ಅವರು "ಎಲ್ಲಿ ನೋವು ಅಜ್ಜಿ?" ಎಂದರು. ಅಕ್ಕ, "ನೋವು ಸಕಲ ಮನುಕುಲದ ಸಮಾನ ಆಸ್ತಿ" ಎಂದಳು. ಡಾಕ್ಟರು ತಲೆದೂಗಿ, ಒಂದು ಟಾನಿಕ್ ಬರೆದು, ಪುಸ್ತಕದ ಮೇಲೆ ಸಹಿ ಹಾಕಿಸಿಕೊಂಡರು. ಮಂಡಿಯನ್ನು ನೋಡಲಿಲ್ಲ.

ಲಾಂಡ್ರಿಯಲ್ಲಿ ಮೂವತ್ತು ವರ್ಷ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಮಡಿಸಿದ ಗೆಳತಿ ಒಂದು ದಿನ ಕೋಲೂರಿಕೊಂಡು ಬಂದಳು. ಒಂದು ಗಂಟೆ ಅಕ್ಕನೆದುರು ಕೂತಳು. ಹೊರಡುವಾಗ ಹೊಸ್ತಿಲಲ್ಲಿ ಅಜ್ಜಿಯನ್ನು ಮೆಲ್ಲಗೆ ಕೇಳಿದಳು, "ಅವಳು ಮನೇಲಿಲ್ವಾ?"

"ಅವಳೇ ಅಲ್ವಾ ಇಷ್ಟು ಹೊತ್ತು ಮಾತಾಡಿದ್ದು?"

"ಹೌದಾ. ಸರಿ. ಬಂದ್ಮೇಲೆ, ನಾನು ಬಂದಿದ್ದೆ ಅಂತ ಹೇಳಿ."

ಅವತ್ತು ಮಧ್ಯಾಹ್ನ ಅಜ್ಜಿ ಕೋಣೆಯ ಬಾಗಿಲು ಹಾಕಿ, ಅಕ್ಕನ ಮಂಚದ ಪಕ್ಕದ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

"ಅಕ್ಕ, ಇಲ್ಲಿ ಯಾರೂ ಇಲ್ಲ. ಒಂದ್ಸಲ ನನ್ನ ಬೈಯಿ."

ಅಕ್ಕ ತಂಗಿಯ ಮುಖ ನೋಡಿದಳು. ತುಟಿ ಅಲುಗಿತು. ಏನನ್ನೋ ಹುಡುಕುತ್ತಿರುವ ಹಾಗೆ ಹುಬ್ಬು ಗಂಟಿಕ್ಕಿತು. ಕೊನೆಗೆ ಹೇಳಿದಳು, "ಪ್ರಿಯ ಸಹೋದರಿ, ಅಂಥದ್ದೇನೂ ಪುಸ್ತಕದಲ್ಲಿಲ್ಲ."

ಅಜ್ಜಿ ಇನ್ನೂರ ಹನ್ನೆರಡು ಪುಟಗಳನ್ನೂ ತಿರುವಿ ನೋಡಿದಳು. ಇರಲಿಲ್ಲ.

ಪ್ರಕಟಣೆಯಾದ ತೊಂಬತ್ತು ದಿನದೊಳಗೆ ವೆಚ್ಚದ ಘೋಷಣೆ ಸಲ್ಲಿಸಬೇಕೆಂಬುದು ಕಚೇರಿಯ ಕೊನೆಯ ನಿಯಮ. ಅಜ್ಜಿ ಎಂದಿನಂತೆ ಎರಡು ದಿನ ಮೊದಲೇ ಹೋಗಿ, ದುಂಡು ಅಕ್ಷರದಲ್ಲಿ ತುಂಬಿಕೊಟ್ಟಳು. ಅರ್ಜಿಗಳು ನಾಲ್ಕು. ಭಾವಚಿತ್ರಗಳು ಹನ್ನೆರಡು. ಕಚೇರಿಗೆ ಹೋಗಿಬಂದದ್ದು ಹತ್ತೊಂಬತ್ತು ಸಲ. ತಿದ್ದುಪಡಿಯ ದಿನಗಳು ನಲವತ್ತೇಳು. ಅಕ್ಕ, ಒಬ್ಬಳು.

ಗುಮಾಸ್ತ ಬೆರಳಿಟ್ಟು ಒಂದೊಂದೇ ಸಾಲು ಓದಿದ. "ಸರಿಯಾಗಿದೆ" ಎಂದು ಮೊಹರು ಒತ್ತಿ, ಮುಂದಿನವರನ್ನು ಕರೆದ.